ಕೊನೇ ಚೌಕ ಅಳಿಸಿದ ಮೇಲೆ ಆ ಕಾರ್ಟೂನ್ ಯಾರದು?

ಓದುಗರ ಪ್ರಶ್ನೆ:

"ನಾನು ಧಾರವಾಡದ ಹುಡುಗಿ. ಈಗ ಪುಣೆಯ ಕೋಥ್ರೂಡಿನಲ್ಲಿದ್ದೇನೆ, ಡಿಸೈನ್ ಕೆಲಸ. ರದ್ದಿ ಅಂಗಡಿಯಿಂದ ಹಳೇ ಇಂಗ್ಲಿಷ್ ಪೇಪರು ತಂದು, ಅದರಲ್ಲಿನ ಕಾಮಿಕ್ ಸ್ಟ್ರಿಪ್‌ಗಳನ್ನು ಸ್ಕ್ಯಾನ್ ಮಾಡಿ ಬದಲಾಯಿಸುವ ಹವ್ಯಾಸ ಹತ್ತಿದೆ. ಗಾರ್ಫೀಲ್ಡ್, ಪೀನಟ್ಸ್, ಒಮ್ಮೊಮ್ಮೆ ಆರ್.ಕೆ. ಲಕ್ಷ್ಮಣ್ ಅವರ ಶ್ರೀಸಾಮಾನ್ಯ. ಕೆಲವಕ್ಕೆ ಕೊನೇ ಚೌಕ ತೆಗೆಯುತ್ತೇನೆ. ಕೆಲವಕ್ಕೆ ಬಬಲ್ ಖಾಲಿ ಮಾಡಿ ಕನ್ನಡದಲ್ಲಿ ಬೇರೆ ಮಾತು ತುಂಬುತ್ತೇನೆ. ಬಾಡಿಗೆ, ಇಎಂಐ, ನೈಟ್ ಶಿಫ್ಟು, ಒಂಟಿತನ, ಸಾವು. ಇನ್‌ಸ್ಟಾಗ್ರಾಮಿನಲ್ಲಿ ಹಾಕಿದರೆ ಜನ ಇಷ್ಟಪಡುತ್ತಾರೆ. ಈಗ ಮುಂಬಯಿಯ ಒಂದು ಕನ್ನಡ ಸಂಘದವರು ಸ್ಮರಣ ಸಂಚಿಕೆಗೆ ನಾಲ್ಕು ಸ್ಟ್ರಿಪ್ ಕೇಳಿದ್ದಾರೆ. ಗೆಳತಿ ಟೀ ಶರ್ಟ್ ಮಾಡಿ ಮಾರೋಣ ಅನ್ನುತ್ತಾಳೆ. ಆಫೀಸಿನಲ್ಲಿ ಒಬ್ಬರು 'ಶೇಕಡಾ 30 ಬದಲಾಯಿಸಿದರೆ ಅದು ನಿನ್ನದೇ' ಅಂದರು. ಕಾಕಾ ಮಾತ್ರ 'ಲಕ್ಷ್ಮಣ್ ನಮ್ಮ ಮೈಸೂರಿನವರು, ಅವರ ಚಿತ್ರಕ್ಕೆ ಕೈ ಹಚ್ಚೋದು ಕಳ್ಳತನ' ಅಂತ ಸಿಟ್ಟಾಗಿದ್ದಾರೆ. ಅವ್ವ 'ನಗಿಸೋ ಚಿತ್ರಾನ ಯಾಕ ಅಳಿಸ್ತೀ?' ಅಂತ ಕೇಳುತ್ತಾಳೆ. ಇನ್ನೊಂದು ವಿಷಯ. ಲೋಕಲ್ ಟ್ರೇನಿನ ಹಳಿ ಇಟ್ಟುಕೊಂಡು ಮಾಡಿದ ಒಂದು ಸ್ಟ್ರಿಪ್ ನೋಡಿ ಒಬ್ಬರು, ತಮ್ಮನನ್ನು ಹಾಗೇ ಕಳೆದುಕೊಂಡೆ ಅಂತ ಮೆಸೇಜ್ ಮಾಡಿದರು. ಅವತ್ತಿನಿಂದ ಕೈ ಓಡುತ್ತಿಲ್ಲ. ನಾನು ಮಾಡುತ್ತಿರುವುದು ತಪ್ಪೇ? ಜೈಲಿಗೆ ಹಾಕುತ್ತಾರಾ? ನಿಲ್ಲಿಸಬೇಕಾ?"

ಉತ್ತರ:

ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಇದು ಕಲೆಯೋ ಕಿಡಿಗೇಡಿತನವೋ ಅನ್ನುವುದು ಒಂದು. ಕಾನೂನು ಏನನ್ನುತ್ತದೆ ಅನ್ನುವುದು ಇನ್ನೊಂದು. ಯಾರಿಗಾದರೂ ನೋವಾದರೆ ಏನು ಮಾಡಬೇಕು ಅನ್ನುವುದು ಮೂರನೆಯದು. ನಾನು ಮುಂಬಯಿಯ ಪತ್ರಿಕೆಗಳ ಕಲಾ ವಿಭಾಗದಲ್ಲಿ ಕೆಲಸ ಮಾಡಿದವನು. ಸಿಂಡಿಕೇಟಿನಿಂದ (ಒಂದೇ ಸ್ಟ್ರಿಪ್ ಅನ್ನು ಹಲವು ಪತ್ರಿಕೆಗಳಿಗೆ ಮಾರುವ ಸಂಸ್ಥೆ) ಬರುವ ಸ್ಟ್ರಿಪ್‌ಗಳನ್ನು ಪುಟಕ್ಕೆ ಹೊಂದಿಸುವುದು, ಮರುಮುದ್ರಣದ ಅನುಮತಿ ಪತ್ರಗಳನ್ನು ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಆ ಅನುಭವದಿಂದ ಹೇಳುತ್ತೇನೆ. ಹವ್ಯಾಸ ನಿಲ್ಲಿಸಬೇಕಾಗಿಲ್ಲ. ಆದರೆ ಯಾವ ಚಿತ್ರದ ಮೇಲೆ ಕೆಲಸ ಮಾಡುತ್ತೀರಿ, ಅದನ್ನು ಎಲ್ಲಿ ಹಾಕುತ್ತೀರಿ ಅನ್ನುವುದನ್ನು ಬದಲಾಯಿಸಬೇಕಾಗಬಹುದು.

ಅವ್ವನ ಪ್ರಶ್ನೆಯಿಂದ ಶುರು ಮಾಡುತ್ತೇನೆ, ಯಾಕೆಂದರೆ ಮಿಕ್ಕಿದ್ದೆಲ್ಲ ಅದಕ್ಕೇ ಬಂದು ಸೇರುತ್ತದೆ. ನಗಿಸುವ ಚಿತ್ರವನ್ನು ನೀವು ಅಳಿಸುತ್ತಿದ್ದೀರಾ? ಒಳ್ಳೆಯ ಸ್ಟ್ರಿಪ್‌ನಲ್ಲಿ ಅಳು ಮೊದಲೇ ಇರುತ್ತದೆ. ಪೀನಟ್ಸ್ ನೋಡಿ. ಚಾರ್ಲ್ಸ್ ಶುಲ್ಜ್ 1950ರ ಅಕ್ಟೋಬರಿನಿಂದ 2000ದ ಫೆಬ್ರುವರಿವರೆಗೆ ಅದನ್ನು ಬರೆದರು. ಎಷ್ಟೋ ದಿನ ಅದರ ಮೊದಲ ಮೂರು ಚೌಕಗಳಲ್ಲಿ ಒಂದು ಮಗು ತನ್ನ ಭಯವನ್ನೋ ಸೋಲನ್ನೋ ನೇರವಾಗಿ ಹೇಳಿಕೊಳ್ಳುತ್ತದೆ. ನಾಲ್ಕನೆಯದರಲ್ಲಿ ಯಾರೋ ಒಂದು ಮಾತು ಹೇಳಿ ಅದನ್ನು ಹಗುರ ಮಾಡುತ್ತಾರೆ. ಆ ನಾಲ್ಕನೆಯದನ್ನು ತೆಗೆದುಬಿಟ್ಟರೆ ಮಗುವಿನ ಮಾತಿಗೆ ಉತ್ತರವೇ ಇಲ್ಲ. ನೀವು ಕತ್ತಲೆಯನ್ನು ಹೊರಗಿನಿಂದ ತಂದಿಲ್ಲ. ಅದರ ಮೇಲಿದ್ದ ಮುಚ್ಚಳ ತೆಗೆದಿದ್ದೀರಿ, ಅಷ್ಟೆ.

ಗಾರ್ಫೀಲ್ಡ್ ಇನ್ನೂ ಒಳ್ಳೆಯ ಉದಾಹರಣೆ. ಜಿಮ್ ಡೇವಿಸ್ 1978ರ ಜೂನಿನಲ್ಲಿ ಶುರು ಮಾಡಿದ ಈ ಸ್ಟ್ರಿಪ್‌ನಲ್ಲಿ ಬೆಕ್ಕು ಬಾಯಿಬಿಟ್ಟು ಮಾತಾಡುವುದಿಲ್ಲ. ಅದರ ಮಾತೆಲ್ಲ ಯೋಚನೆಯ ಬಬಲ್‌ನಲ್ಲಿ. ಅಂದರೆ ಓದುಗರಿಗೆ ಕೇಳುತ್ತದೆ, ಯಜಮಾನ ಜಾನ್‌ಗೆ ಕೇಳುವುದಿಲ್ಲ. ಬೆಕ್ಕಿನ ಬಬಲ್ ಅಳಿಸಿದರೆ, ಮೂಕ ಪ್ರಾಣಿಯ ಹತ್ತಿರ ದಿನವಿಡೀ ಮಾತಾಡುವ ಒಬ್ಬ ಗಂಡಸು ಉಳಿಯುತ್ತಾನೆ. ಐರ್ಲೆಂಡಿನ ಡ್ಯಾನ್ ವಾಲ್ಶ್ 2008ರಲ್ಲಿ ಬೆಕ್ಕನ್ನೇ ಪೂರ್ತಿ ಅಳಿಸಿ ಇಂಥ ಸ್ಟ್ರಿಪ್‌ಗಳನ್ನು ಪ್ರಕಟಿಸಿದರು. ಖಾಲಿ ಮನೆಯಲ್ಲಿ ಜಾನ್ ಗೋಡೆಯ ಜೊತೆ ಮಾತಾಡುತ್ತಾನೆ. ಹೊಸದಾಗಿ ಒಂದು ಗೆರೆ ಸೇರಿಸಿಲ್ಲ, ಒಂದು ಪದ ಬರೆದಿಲ್ಲ. ಡೇವಿಸ್ ಸಿಟ್ಟಾಗಲಿಲ್ಲ. ಅವರ ಒಪ್ಪಿಗೆಯಿಂದಲೇ ಅದೇ ವರ್ಷ ಪುಸ್ತಕವೂ ಬಂತು.

ಇದಕ್ಕೆ ವಿರುದ್ಧವಾದ ಕೆಲಸವನ್ನೂ ನಾನು ಬಹಳ ನೋಡಿದ್ದೇನೆ. ಪತ್ರಿಕೆಗೆ ಚಿತ್ರ ಕಳಿಸುವ ಹುಡುಗರು ಮಿಕಿ ಮೌಸ್‌ನ ಕೈಗೆ ಚಾಕು ಕೊಡುತ್ತಿದ್ದರು, ಮುದ್ದು ಮಗುವಿನ ಬಾಯಿಗೆ ಬೈಗುಳ ತುಂಬುತ್ತಿದ್ದರು. ಮೊದಲ ಸಲ ನೋಡಿದಾಗ ಬೆಚ್ಚಿಬೀಳುತ್ತೇವೆ. ಎರಡನೇ ಸಲ ಏನೂ ಅನ್ನಿಸುವುದಿಲ್ಲ. ಅಲ್ಲಿ ಮೂಲ ಚಿತ್ರ ಬರೀ ಮುಖವಾಡ. ಯಾವ ಮುಖವಾಡ ಇದ್ದರೂ ನಡೆಯುತ್ತಿತ್ತು. ನಾನು ಮಾಡುತ್ತಿದ್ದ ಪರೀಕ್ಷೆ ಸುಲಭ. ಹೊಸ ಮಾತನ್ನು ಬೆರಳಿನಿಂದ ಮುಚ್ಚಿ ಚಿತ್ರ ಮಾತ್ರ ನೋಡಬೇಕು. ಹುಬ್ಬಿನ ಗೆರೆ, ಭುಜದ ಬಾಗು, ಇಬ್ಬರ ನಡುವಿನ ಖಾಲಿ ಜಾಗ ಇವೆಲ್ಲ ಆ ಹೊಸ ಮಾತಿಗೆ ಒಪ್ಪುತ್ತವಾ? ಒಪ್ಪಿದರೆ ಬದಲಾವಣೆ ಗಟ್ಟಿ. ಒಪ್ಪದಿದ್ದರೆ ಸುಮ್ನೆ ಅಂಟಿಸಿದ ಚೀಟಿ. ನೀವು ಕಳಿಸಿದ ಸ್ಟ್ರಿಪ್‌ಗಳಲ್ಲಿ ಚೌಕ ತೆಗೆದವು ಹೆಚ್ಚಿನವು ಗೆದ್ದಿವೆ. ಬಬಲ್ ತುಂಬಿದವು ಅರ್ಧಕ್ಕರ್ಧ ಸೋತಿವೆ. ಬಾಡಿಗೆಯ ವಿಷಯದ್ದಂತೂ ಯಾವ ಚಿತ್ರದ ಮೇಲಿದ್ದರೂ ಅದೇ ಜೋಕು.

ಇನ್ನು ಸ್ಟ್ರಿಪ್ ಕತ್ತರಿಸುವುದೇ ಪಾಪ ಅಂದುಕೊಳ್ಳಬೇಡಿ. ಪತ್ರಿಕೆಗಳೇ ಕತ್ತರಿಸುತ್ತಿದ್ದವು. ಅಮೆರಿಕದ ಭಾನುವಾರದ ಸ್ಟ್ರಿಪ್‌ಗಳಲ್ಲಿ ಮೇಲಿನ ಸಾಲಿನ ಒಂದೆರಡು ಚೌಕ ಬಿಟ್ಟರೂ ಕಥೆ ಕೆಡದಂತೆ ಬರೆಯುವುದು ರೂಢಿ. ಜಾಗ ಕಮ್ಮಿ ಇದ್ದ ಪೇಪರು ಅವನ್ನು ಕಿತ್ತುಹಾಕುತ್ತಿತ್ತು. ಕ್ಯಾಲ್ವಿನ್ ಅಂಡ್ ಹಾಬ್ಸ್ ಬರೆದ ಬಿಲ್ ವಾಟರ್ಸನ್ ಇದಕ್ಕೆ ಒಪ್ಪಲಿಲ್ಲ. ಜಗಳಾಡಿ, 1992ರಿಂದ ತಮ್ಮ ಭಾನುವಾರದ ಪುಟವನ್ನು ಯಾರೂ ಮುರಿಯಬಾರದು ಅಂತ ಮಾಡಿಸಿಕೊಂಡರು. ಹಾಗಾಗಿ ಚಿತ್ರಕಾರರ ನಿಜವಾದ ತಕರಾರು ಇರುವುದು ಕೇಳದೆ ಕತ್ತರಿಸುವವರ ಮೇಲೆ.

ಕಾನೂನಿಗೆ ಬರೋಣ. ಶೇಕಡಾ 30ರ ಮಾತು ಶುದ್ಧ ಸುಳ್ಳು. 30 ಆಗಲಿ 50 ಆಗಲಿ, ಇಷ್ಟು ಬದಲಾಯಿಸಿದರೆ ನಿಮ್ಮದು ಅನ್ನುವ ಅಳತೆ ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಪೇಪರು ರದ್ದಿಗೆ ಹೋದರೆ ಕಾಗದ ನಿಮ್ಮದಾಗುತ್ತದೆ, ಚಿತ್ರ ಆಗುವುದಿಲ್ಲ. ಕೆಳಗೆ ಮೂಲ ಕಲಾವಿದರ ಹೆಸರು ಹಾಕುವುದು ಸಭ್ಯತೆ, ಅನುಮತಿ ಅಲ್ಲ. ದುಡ್ಡು ಮಾಡಿಲ್ಲ ಅನ್ನುವುದು ಸ್ವಲ್ಪ ಸಹಾಯಕ್ಕೆ ಬರುತ್ತದೆ, ಪೂರ್ತಿ ಕಾಪಾಡುವುದಿಲ್ಲ.

ನಮ್ಮ ದೇಶದಲ್ಲಿ ಚಿತ್ರಕಾರರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಲಕ್ಷ್ಮಣ್ ತೀರಿಕೊಂಡದ್ದು 2015ರ ಜನವರಿ 26ರಂದು, ನಿಮ್ಮ ಪುಣೆಯಲ್ಲೇ. ಆದ್ದರಿಂದ 2075 ಮುಗಿಯುವವರೆಗೆ ಹಕ್ಕು ಇದೆ. ಗೋವಾದ ಕಾರ್ಟೂನಿಸ್ಟ್ ಮಾರಿಯೋ ಮಿರಾಂಡಾ 2011ರಲ್ಲಿ ಹೋದರು. ಅವರದು 2071ರ ಕೊನೆವರೆಗೆ. ಇದರಲ್ಲಿ ಇನ್ನೊಂದು ಗಂಟಿದೆ. ಪತ್ರಿಕೆಯ ನೌಕರಿಯಲ್ಲಿದ್ದು ಪತ್ರಿಕೆಗಾಗಿ ಬರೆದ ಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಪತ್ರಿಕೆಗಳಲ್ಲಿ ಪ್ರಕಟಿಸುವ ಹಕ್ಕು ಮಾಲೀಕರದು, ಮಿಕ್ಕ ಹಕ್ಕು ಕಲಾವಿದರದು. ಅನುಮತಿ ಕೇಳಲು ಹೊರಟವರು ಒಂದು ಬಾಗಿಲು ತಟ್ಟಿದರೆ ಸಾಲದು. ಇದರಿಂದಲೇ ನಮ್ಮಲ್ಲಿ ಎಷ್ಟೋ ಪತ್ರಗಳು ತಿಂಗಳುಗಟ್ಟಲೆ ಅಲೆಯುತ್ತಿದ್ದವು.

ಅಣಕಕ್ಕೆ ವಿನಾಯಿತಿ ಇದೆಯಲ್ಲ ಅಂತ ನಿಮ್ಮ ಗೆಳೆಯರು ಹೇಳಬಹುದು. ಅವರು ಹೇಳುವುದು ಹೆಚ್ಚಾಗಿ ಅಮೆರಿಕದ ಕಾನೂನು. ಅಲ್ಲಿ ಕೂಡ ಅದು ಬಿಟ್ಟಿ ಅಲ್ಲ. 1971ರಲ್ಲಿ ಏರ್ ಪೈರೇಟ್ಸ್ ಅನ್ನುವ ಗುಂಪು ಮಿಕಿಯನ್ನು ಹಾಗೇ ನಕಲು ಮಾಡಿ, ಅವನ ಕೈಲಿ ಡ್ರಗ್ಸು, ಲೈಂಗಿಕ ಚೇಷ್ಟೆ ಎಲ್ಲ ಮಾಡಿಸಿತು. ಡಿಸ್ನಿ ಕೇಸು ಹಾಕಿತು. ಓದುಗರಿಗೆ ಮಿಕಿಯನ್ನು ನೆನಪಿಸುವುದಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ತೆಗೆದುಕೊಂಡಿದ್ದೀರಿ ಅಂತ ಮೇಲ್ಮನವಿ ಕೋರ್ಟು 1978ರಲ್ಲಿ ಹೇಳಿತು. 1994ರಲ್ಲಿ ಒಂದು ರ‍್ಯಾಪ್ ಹಾಡಿನ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅಣಕಕ್ಕೆ ದೊಡ್ಡ ಜಾಗ ಕೊಟ್ಟಿತು ನಿಜ. ಆದರೆ ಮೂಲ ಕೃತಿಯ ಬಗ್ಗೆಯೇ ಏನಾದರೂ ಹೇಳುತ್ತಿದ್ದೀರಾ ಅಂತಲೂ ಕೇಳಿತು. ಇನ್ನೊಂದು ಪ್ರಸಂಗ ಕೋರ್ಟಿನ ತನಕ ಹೋಗಲೇ ಇಲ್ಲ. ಫ್ಯಾಮಿಲಿ ಸರ್ಕಸ್ ಎಂಬ ಮುದ್ದು ಮನೆಮಂದಿಯ ಕಾರ್ಟೂನಿಗೆ ಜನ ಕರಾಳ ಅಡಿಬರಹ ಬರೆದು ಸೇರಿಸುವ ಆಟವೊಂದು 90ರ ದಶಕದಲ್ಲಿ ಬಹಳ ನಡೆಯಿತು. 1999ರಲ್ಲಿ ಸಿಂಡಿಕೇಟಿನ ವಕೀಲರಿಂದ ನೋಟಿಸು ಬಂತು, ಆಟ ನಿಂತಿತು. ಗಾರ್ಫೀಲ್ಡಿಗೆ ಸಿಕ್ಕಿದ ಪ್ರೀತಿ ಎಲ್ಲರಿಗೂ ಸಿಗುತ್ತದೆ ಅಂತ ನಂಬಬೇಡಿ.

ನಮ್ಮ ಕಾಯ್ದೆಯ 52ನೇ ಕಲಮಿನಲ್ಲಿ ಖಾಸಗಿ ಬಳಕೆ, ವಿಮರ್ಶೆ, ಸುದ್ದಿ ವರದಿ ಇವಕ್ಕೆ ನ್ಯಾಯವಾದ ಬಳಕೆಯ ಅವಕಾಶ ಇದೆ. ಅಣಕ ಅನ್ನುವ ಪದ ಅಲ್ಲಿಲ್ಲ. ಆದರೂ ದಾರಿ ಪೂರ್ತಿ ಮುಚ್ಚಿಲ್ಲ. ತೋಪ್ಪಿಲ್ ಭಾಸಿಯವರ ಹೆಸರಾಂತ ಮಲಯಾಳಂ ನಾಟಕಕ್ಕೆ ಎದುರಾಗಿ ಸಿವಿಕ್ ಚಂದ್ರನ್ ಒಂದು ಪ್ರತಿನಾಟಕ ಬರೆದರು. ಅದೇ ಪಾತ್ರಗಳು, ಅದೇ ಸಂಭಾಷಣೆಯ ಭಾಗಗಳು. 1996ರಲ್ಲಿ ಕೇರಳ ಹೈಕೋರ್ಟು ಮೂರು ವಿಷಯ ನೋಡಿತು. ಎಷ್ಟು ತೆಗೆದುಕೊಂಡಿದ್ದಾರೆ, ಯಾವ ಉದ್ದೇಶಕ್ಕೆ, ಮೂಲಕ್ಕೆ ಇದು ಪೈಪೋಟಿ ಆಗುತ್ತದಾ. ಉದ್ದೇಶ ವಿಮರ್ಶೆ ಅಂತ ಕಂಡದ್ದರಿಂದ ಚಂದ್ರನ್ ಅವರ ಪರ ನಿಂತಿತು.

ನಾನು ಮೊದಲು ಹೇಳಿದ ಬೆರಳಿನ ಪರೀಕ್ಷೆಗೂ ಈ ತೀರ್ಪಿಗೂ ನಂಟಿದೆ, ಗಮನಿಸಿ. ಕೊನೇ ಚೌಕ ತೆಗೆದ ಪೀನಟ್ಸ್ ಸ್ಟ್ರಿಪ್ ಪೀನಟ್ಸ್ ಬಗ್ಗೆಯೇ ಮಾತಾಡುತ್ತದೆ. ಅದನ್ನು ವಿಮರ್ಶೆ ಅಂತ ವಾದಿಸಬಹುದು. ಬಾಡಿಗೆ ಜೋಕು ತುಂಬಿದ್ದು ಪೀನಟ್ಸ್ ಬಗ್ಗೆ ಏನೂ ಹೇಳುವುದಿಲ್ಲ. ಶುಲ್ಜ್ ಬರೆದ ಮುಖವನ್ನು ಬಿಟ್ಟಿಯಾಗಿ ಬಳಸುತ್ತದೆ. ಕಲೆಯಾಗಿ ಸೋತ ಸ್ಟ್ರಿಪ್ಪೇ ಕಾನೂನಿನಲ್ಲೂ ಬಡವಾಗುತ್ತದೆ. ಹಾಗಂತ ಗೆದ್ದ ಸ್ಟ್ರಿಪ್‌ಗೆ ರಕ್ಷಣೆ ಖಾತ್ರಿ ಅಂತಲೂ ಅಲ್ಲ. ಪೂರ್ತಿ ಚಿತ್ರ ಎತ್ತಿಕೊಂಡಿದ್ದೀರಿ ಅನ್ನುವ ತಕರಾರು ಉಳಿದೇ ಇರುತ್ತದೆ.

ಜೈಲಿನ ಮಾತು. ಗೊತ್ತಿದ್ದೂ ಹಕ್ಕು ಮುರಿದರೆ 63ನೇ ಕಲಮಿನಲ್ಲಿ 6 ತಿಂಗಳಿಂದ 3 ವರ್ಷ ಸಜೆ, 50,000ದಿಂದ 2 ಲಕ್ಷ ರೂಪಾಯಿ ದಂಡ ಅಂತ ಇದೆ. ವ್ಯಾಪಾರದ ಲಾಭಕ್ಕೆ ಮಾಡಿಲ್ಲದಿದ್ದರೆ ಅದಕ್ಕಿಂತ ಕಮ್ಮಿ ಮಾಡುವ ಅಧಿಕಾರ ಕೋರ್ಟಿಗಿದೆ. ನಾನು ಕಂಡ ಮಟ್ಟಿಗೆ, ನಿಮ್ಮಂಥವರಿಗೆ ಮೊದಲು ಬರುವುದು ಪೋಸ್ಟ್ ಇಳಿಸುವ ಕೋರಿಕೆ, ಆಮೇಲೆ ವಕೀಲರ ನೋಟಿಸು. ಹಕ್ಕುದಾರರು ದೂರು ಕೊಟ್ಟರೆ ಜಾಲತಾಣ 36 ಗಂಟೆಯೊಳಗೆ ಅದನ್ನು ಮರೆ ಮಾಡಬೇಕು ಅನ್ನುವ ನಿಯಮ ಇದೆ. ಬಂದ ತಕ್ಷಣ ಇಳಿಸಿ, ಉತ್ತರ ಬರೆಯುವ ಮುಂಚೆ ವಕೀಲರನ್ನು ನೋಡಿ. ಸಿಟ್ಟಿನಲ್ಲಿ ಬರೆದ ಉತ್ತರದಿಂದಲೇ ಎಷ್ಟೋ ಸಣ್ಣ ವಿಷಯಗಳು ದೊಡ್ಡದಾಗಿವೆ.

ಈಗ ಕಾಕಾ ಅವರ ಸಿಟ್ಟು. ಅಳಿಸಿ ಬರೆಯುವುದೆಲ್ಲ ಕಳ್ಳತನ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಭಾವಗೀತೆಯ ಧಾಟಿಗೆ ಬೇರೆ ಮಾತು ಹೊಂದಿಸಿ ಅಣಕವಾಡು ಹಾಡುವುದು ನಮ್ಮವರಿಗೆ ಹೊಸದಲ್ಲ. ಗಣೇಶೋತ್ಸವದಲ್ಲಿ ಕಾಕಾನೂ ಕೇಳಿ ಖುಷಿಪಟ್ಟಿರುತ್ತಾರೆ. ಆದರೆ ಲಕ್ಷ್ಮಣ್ ವಿಷಯದಲ್ಲಿ ನಾನು ಪೂರ್ತಿ ಅವರ ಕಡೆ.

ಕಾರಣ ಕೇಳಿ. ಹರೆಯದಲ್ಲಿ 'ಕೊರವಂಜಿ' ಹಾಸ್ಯ ಪತ್ರಿಕೆಗೆ ಚಿತ್ರ ಬರೆದ ಮೈಸೂರಿನ ಹುಡುಗ ಮುಂಬಯಿಗೆ ಬಂದು, 1951ರಿಂದ ಟೈಮ್ಸ್ ಆಫ್ ಇಂಡಿಯಾದಲ್ಲಿ 'ಯೂ ಸೆಡ್ ಇಟ್' ಶುರು ಮಾಡಿದರು. ಅದರಲ್ಲಿ ಶ್ರೀಸಾಮಾನ್ಯ ಮಾತಾಡುವುದಿಲ್ಲ. ಮಂತ್ರಿ ಮಾತಾಡುತ್ತಾನೆ, ಅಧಿಕಾರಿ ಮಾತಾಡುತ್ತಾನೆ, ಹೆಂಡತಿಯೂ ಮಾತಾಡುತ್ತಾಳೆ. ಈತ ಚೌಕಳಿ ಕೋಟು ತೊಟ್ಟು ನೋಡುತ್ತ ನಿಂತಿರುತ್ತಾನೆ. ಅವನ ಮೌನದಲ್ಲೇ ಎಲ್ಲ ಇದೆ. ನೀವು ಅವನ ಬಾಯಿಗೆ ಬಬಲ್ ಹಚ್ಚಿ ಇಎಂಐ ಜೋಕು ಹೇಳಿಸಿದ್ದೀರಿ. ಹಾಗೆ ಮಾಡಿದಾಗ ಚಿತ್ರದ ಜೀವವೇ ಹೋಯಿತು. ಗಾರ್ಫೀಲ್ಡಿನಿಂದ ಮಾತು ತೆಗೆದರೆ ಕತ್ತಲೆ ಕಾಣುತ್ತದೆ. ಇಲ್ಲಿ ತೆಗೆಯಲು ಏನೂ ಇಲ್ಲ, ಲಕ್ಷ್ಮಣ್ ಮೊದಲೇ ತೆಗೆದಿಟ್ಟಿದ್ದಾರೆ.

ಎರಡನೆಯ ಕಾರಣ ಇನ್ನೂ ಗಂಭೀರ. ಒಂದೇ ಚೌಕದ ಕಾರ್ಟೂನಿನಲ್ಲಿ ಅಡಿಬರಹ ಬದಲಾಯಿಸುವುದು ತೀರಾ ಸುಲಭ. ಮೂಲೆಯಲ್ಲಿ ಸಹಿ ಹಾಗೇ ಇರುತ್ತದೆ. ನಾಲ್ಕು ಕೈ ದಾಟುವಷ್ಟರಲ್ಲಿ ಜನ ಅದನ್ನು ಲಕ್ಷ್ಮಣ್ ಅವರೇ ಹೇಳಿದ್ದು ಅಂತ ನಂಬುತ್ತಾರೆ. ಉತ್ತರ ಕೊಡಲು ಅವರಿಲ್ಲ. ಕಾಯ್ದೆಯ 57ನೇ ಕಲಮು ಇದನ್ನೇ ನೋಡುತ್ತದೆ. ಹಕ್ಕನ್ನು ಯಾರಿಗಾದರೂ ಮಾರಿದ ಮೇಲೂ, ತನ್ನ ಮಾನಕ್ಕೆ ಕುಂದು ಬರುವಂತೆ ಕೃತಿಯನ್ನು ತಿರುಚಿದರೆ ತಡೆಯುವ ಅಧಿಕಾರ ಕಲಾವಿದರಿಗೆ ಉಳಿಯುತ್ತದೆ. ಶಿಲ್ಪಿ ಅಮರನಾಥ ಸೆಹಗಲ್ ವಿಜ್ಞಾನ ಭವನದ ತಮ್ಮ ಭಿತ್ತಿಶಿಲ್ಪ ಕಿತ್ತದ್ದಕ್ಕೆ ಸರ್ಕಾರದ ಮೇಲೆಯೇ ಹೋರಾಡಿ 2005ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ಗೆದ್ದರು. ಸಹಿ ಅಳಿಸಿದರೆ ಬರೆದವರ ಹೆಸರು ಕಿತ್ತುಕೊಂಡಂತೆ. ಉಳಿಸಿದರೆ ಅವರು ಆಡದ ಮಾತು ಅವರ ಬಾಯಿಗೆ ಬಂದಂತೆ. ಬೇರೆ ಸ್ಟ್ರಿಪ್‌ಗಳಿಗೆ ಚೌಕದ ಹೊರಗೆ 'ಮೂಲ ಇವರದು, ಬದಲಾವಣೆ ನನ್ನದು' ಅಂತ ದಪ್ಪಕ್ಷರದಲ್ಲಿ ಹಾಕಿ. ಚಿತ್ರದ ಜೊತೆ ಅದು ಬಿಟ್ಟುಹೋಗದಂತೆ ಅದೇ ಫೈಲಿನಲ್ಲಿರಲಿ. ಲಕ್ಷ್ಮಣ್ ಸ್ಟ್ರಿಪ್‌ಗಳನ್ನು ಮಾತ್ರ ಇಳಿಸಿಬಿಡಿ ಅಂತಲೇ ನನ್ನ ಸಲಹೆ.

ನಿಜವಾದ ರಾಜಕಾರಣಿಗಳು, ಜಾತಿ, ದೇವರು ಇರುವ ಹಳೇ ಕಾರ್ಟೂನ್‌ಗಳ ಬಗ್ಗೆ ಒಂದೇ ಮಾತು. 1949ರಲ್ಲಿ ಶಂಕರ್ ಬರೆದ ಅಂಬೇಡ್ಕರ್ ಕಾರ್ಟೂನ್ (ಸಂವಿಧಾನವೆಂಬ ಬಸವನಹುಳದ ಮೇಲೆ ಅಂಬೇಡ್ಕರ್, ಹಿಂದೆ ಚಾಟಿ ಹಿಡಿದ ನೆಹರು) ಪಠ್ಯಪುಸ್ತಕದಲ್ಲಿದ್ದದ್ದಕ್ಕೆ 2012ರಲ್ಲಿ ಸಂಸತ್ತಿನಲ್ಲೇ ಗದ್ದಲವಾಯಿತು, ಪುಣೆ ವಿಶ್ವವಿದ್ಯಾಲಯದಲ್ಲಿ ಪಠ್ಯದ ಸಲಹೆಗಾರರ ಕಚೇರಿಯ ಮೇಲೆ ದಾಳಿ ಆಯಿತು. ಅಲ್ಲಿ ಯಾರೂ ಒಂದು ಗೆರೆಯನ್ನೂ ಬದಲಾಯಿಸಿರಲಿಲ್ಲ. ಕಾಲ ಬದಲಾಗಿತ್ತು, ಚಿತ್ರದ ಚಾಟಿ ಯಾರ ಬೆನ್ನ ಮೇಲೆ ಬೀಳುತ್ತಿದೆ ಅನ್ನುವ ಓದು ಬದಲಾಗಿತ್ತು. ಬದಲಾಯಿಸಿ ಹಾಕುವವರು ಇನ್ನೂ ಜಾಸ್ತಿ ಯೋಚಿಸಬೇಕು.

ಹಳಿಯ ಸ್ಟ್ರಿಪ್ ಬಗ್ಗೆ ನಿಮಗೆ ಕೈ ಓಡದೇ ಇರುವುದು ಒಳ್ಳೆಯ ಲಕ್ಷಣ ಅಂತ ನನಗೆ ಅನ್ನಿಸುತ್ತದೆ. ಮುಂಬಯಿಯ ಲೋಕಲ್ ಹಳಿ ಇಲ್ಲಿನವರಿಗೆ ಹಾಸ್ಯದ ಹಿನ್ನೆಲೆಪರದೆ ಅಲ್ಲ. ದಿನಾ ದಾಟುವ, ದಿನಾ ಯಾರನ್ನೋ ಕಳೆದುಕೊಳ್ಳುವ ಜಾಗ. ಸಾವಿನ ಬಗ್ಗೆ ಹಾಸ್ಯ ಮಾಡಬಾರದು ಅಂತ ನಾನು ಹೇಳುವುದಿಲ್ಲ. ನೈಟ್ ಶಿಫ್ಟಿನಿಂದ ಬಂದವನ ಖಾಲಿ ಕೋಣೆಯ ಸ್ಟ್ರಿಪ್‌ನಲ್ಲಿ ಸಾವಿನ ನೆರಳಿದೆ. ಆದರೆ ಅಲ್ಲಿ ನಮ್ಮ ಕಣ್ಣು ಅವನನ್ನು ಅಲ್ಲಿಗೆ ತಂದ ಬದುಕಿನ ಮೇಲಿದೆ. ಹಳಿಯ ಸ್ಟ್ರಿಪ್‌ನಲ್ಲಿ ಕಣ್ಣು ಸಾಯುವ ವಿಧಾನದ ಮೇಲೆ ಬಿದ್ದಿದೆ, ಆ ವಿಧಾನವೇ ಪಂಚ್‌ಲೈನ್ ಆಗಿದೆ. ಪತ್ರಿಕೆಯವರಿಗೆ ಭಾರತೀಯ ಪತ್ರಿಕಾ ಮಂಡಳಿ 2019ರಲ್ಲಿ ಕೊಟ್ಟ ಸೂಚನೆಗಳಲ್ಲೂ ಆತ್ಮಹತ್ಯೆಯ ವಿಧಾನ ವಿವರಿಸಬೇಡಿ ಅಂತಿದೆ. ನೋಡುವವರಲ್ಲಿ ಅದೇ ಅಂಚಿನಲ್ಲಿ ನಿಂತವರು ಇರುತ್ತಾರೆ ಅನ್ನುವುದೇ ಕಾರಣ. ಅದನ್ನು ಇಳಿಸಿ. ಆ ಓದುಗರಿಗೆ ಎರಡು ಸಾಲು ಬರೆಯಿರಿ. ಸಮರ್ಥನೆ ಬೇಡ, ನೋವು ಅರ್ಥವಾಯಿತು, ತೆಗೆದಿದ್ದೇನೆ ಅಂತ ಸಾಕು. ಮುಂದೆ ಯಾರಾದರೂ ತಮ್ಮದೇ ಕಷ್ಟ ಹೇಳಿಕೊಂಡರೆ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ ಕೊಡಿ, 14416. ಕನ್ನಡದಲ್ಲೂ ಮಾತಾಡುತ್ತಾರೆ.

ಹಾಗಾದರೆ ಮುಂದೇನು? ಟೀ ಶರ್ಟ್ ಬೇಡವೇ ಬೇಡ. ಅಲ್ಲಿ ಹಕ್ಕುಸ್ವಾಮ್ಯದ ಜೊತೆ ಟ್ರೇಡ್‌ಮಾರ್ಕೂ ಸೇರಿಕೊಳ್ಳುತ್ತದೆ, ಲಾಭದ ಉದ್ದೇಶ ಇರಲಿಲ್ಲ ಅನ್ನುವ ಮಾತೂ ಬಿದ್ದುಹೋಗುತ್ತದೆ. ಇನ್‌ಸ್ಟಾಗ್ರಾಮಿನಲ್ಲಿ ಚೌಕ ತೆಗೆದ ಸ್ಟ್ರಿಪ್‌ಗಳನ್ನು ಹಾಕುತ್ತ ಹೋಗಬಹುದು. ಅಪಾಯ ಇದೆ, ಸಣ್ಣದು, ಅದನ್ನು ತಿಳಿದು ಹೊರಬೇಕು. ಸಂಘದ ಸಂಚಿಕೆ ಬೇರೆ ಮಾತು. ಅಲ್ಲಿ ನೀವೊಬ್ಬರೇ ಅಲ್ಲ, ಸಂಪಾದಕರು, ಮುದ್ರಕರು ಎಲ್ಲ ಸಿಕ್ಕಿಕೊಳ್ಳುತ್ತಾರೆ. ಜಾಹೀರಾತು ಹಿಡಿದು ಸಂಚಿಕೆ ತರುವ ಆ ಹಿರಿಯರಿಗೆ ಈ ತಲೆನೋವು ಕೊಡಬೇಡಿ.

ಅದಕ್ಕೆ ನನ್ನ ಹತ್ತಿರ ಒಂದು ದಾರಿ ಇದೆ, ಖುಷಿಯಿಂದ ಹೇಳುತ್ತೇನೆ. ವಿನ್ಸರ್ ಮೆಕೇ ಎಂಬ ಅಮೆರಿಕದ ಮಹಾ ಚಿತ್ರಕಾರ 1905ರಿಂದ ನ್ಯೂಯಾರ್ಕ್ ಹೆರಾಲ್ಡ್ ಪತ್ರಿಕೆಯಲ್ಲಿ 'ಲಿಟ್ಲ್ ನೀಮೋ' ಬರೆದರು. ಅವರು ತೀರಿಕೊಂಡದ್ದು 1934ರಲ್ಲಿ. ಇಲ್ಲೂ ಅಲ್ಲೂ ಈ ಹಳೇ ಪುಟಗಳ ಹಕ್ಕಿನ ಅವಧಿ ಮುಗಿದಿದೆ. ನೀಮೋ ಎಂಬ ಹುಡುಗ ಪುಟದ ತುಂಬ ಕನಸು ಕಾಣುತ್ತಾನೆ. ಕೆಳಗೆ ಬಲಮೂಲೆಯ ಪುಟ್ಟ ಚೌಕದಲ್ಲಿ ಎಚ್ಚರಾಗುತ್ತಾನೆ, ಎಷ್ಟೋ ಸಲ ಹಾಸಿಗೆಯಿಂದ ಬಿದ್ದು. ವಾರ ವಾರವೂ ಹಾಗೇ. 1908ರ ಜುಲೈ 26ರ ಪುಟದಲ್ಲಿ ಮಂಚಕ್ಕೆ ಉದ್ದುದ್ದ ಕಾಲು ಬೆಳೆದು ಅದು ಊರಿನ ಕಟ್ಟಡಗಳ ಮೇಲೆ ನಡೆದು ಹೋಗುತ್ತದೆ. ಆ ಕೊನೇ ಪುಟ್ಟ ಚೌಕ ಒಂದನ್ನು ತೆಗೆಯಿರಿ. ಹುಡುಗ ಎಚ್ಚರಾಗುವುದೇ ಇಲ್ಲ. ಮಂಚ ನಡೆಯುತ್ತಲೇ ಇರುತ್ತದೆ. ನೀವು ಇಷ್ಟು ದಿನ ಹುಡುಕುತ್ತಿದ್ದ ಕತ್ತಲೆ ಅಲ್ಲಿ ತುಂಬಿ ತುಳುಕುತ್ತಿದೆ, ಯಾರ ಅನುಮತಿಯೂ ಬೇಕಿಲ್ಲ.

ಅಮೆರಿಕದ ಇನ್ನೊಬ್ಬ ಚಿತ್ರಕಾರ ಜಾರ್ಜ್ ಹೆರಿಮನ್ 1944ರಲ್ಲಿ ಹೋದರು, ಅವರ 'ಕ್ರೇಜಿ ಕ್ಯಾಟ್'ನ 1910, 20ರ ದಶಕದ ಪುಟಗಳಿಗೂ ಇದೇ ಮಾತು. ನಮ್ಮಲ್ಲೇ ಬೇಕಾದರೆ ಗಗನೇಂದ್ರನಾಥ ಟಾಗೋರ್ ಅವರ ವ್ಯಂಗ್ಯಚಿತ್ರಗಳಿವೆ. ಅವರು ತೀರಿಕೊಂಡದ್ದು 1938. ಮುಂಬಯಿಯಿಂದಲೇ ಹೊರಡುತ್ತಿದ್ದ 'ಹಿಂದಿ ಪಂಚ್' ಪತ್ರಿಕೆಯ ನೂರು ವರ್ಷ ಹಿಂದಿನ ಸಂಚಿಕೆಗಳನ್ನೂ ನೋಡಿ. ಅಲ್ಲಿ ಯಾರು ಬರೆದರು, ಯಾವಾಗ ತೀರಿಕೊಂಡರು ಅನ್ನುವುದನ್ನು ಮಾತ್ರ ಮೊದಲು ಖಚಿತ ಮಾಡಿಕೊಳ್ಳಿ. ಬಾಡಿಗೆ, ಇಎಂಐ, ನೈಟ್ ಶಿಫ್ಟಿನ ಮಾತುಗಳನ್ನು ಬಿಡಬೇಡಿ. ಅವು ನಿಮ್ಮವೇ. ಅವಕ್ಕೆ ಬೇಕಾಗಿರುವುದು ನೀವೇ ಬರೆದ ಮುಖಗಳು. ನಿಮ್ಮ ಗೆರೆ ನೋಡಿದರೆ ಅದು ನಿಮಗೆ ಕಷ್ಟವಲ್ಲ.

ಸಂಘಕ್ಕೆ ನೀಮೋದ ಎರಡು ಪುಟ, ನೀವೇ ಬರೆದ ಎರಡು ಸ್ಟ್ರಿಪ್ ಕಳಿಸಿ. ಜೊತೆಗೆ ಸಂಪಾದಕರಿಗೆ ಅರ್ಧ ಪುಟದ ಪತ್ರ ಇಡಿ. ಮೂಲ ಕಲಾವಿದರ ಹೆಸರು, ಮೊದಲು ಪ್ರಕಟವಾದ ದಿನ, ಅವರು ತೀರಿಕೊಂಡ ವರ್ಷ, ನೀವು ಏನು ತೆಗೆದಿದ್ದೀರಿ ಅನ್ನುವುದು ಅದರಲ್ಲಿರಲಿ. ಚಿತ್ರದ ಕೆಳಗೂ ಅದೇ ವಿವರ ಅಚ್ಚಾಗಲಿ ಅಂತ ಕೇಳಿ.